ತಾಮ್ರದ ಉಡುದಾರ

ಡಿಸೆಂಬರ್ ಒಂಬತ್ತನೇ ತಾರೀಕು, ಡ್ಯೂಟಿಯ ಮೇಲೆ ಕುಡಿದಿದ್ದ ಎಂದು ಬರೆದು ನನ್ನ ಅಣ್ಣ ಬೆಳ್ಳಯ್ಯನನ್ನು ಕೆಲಸದಿಂದ ತೆಗೆದರು. ಅಣ್ಣ ಕುಡಿಯುವುದಿಲ್ಲ.

ಕುಡಿಯುತ್ತಿದ್ದದ್ದು ಕಾರು.

ಬೇಸಿಗೆಯಲ್ಲಿ ಊಟಿಗೆ ಬಂದು ಹೂವಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಡಿಸೆಂಬರ್ ಬಂತೆಂದರೆ ಇಲ್ಲಿ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿರುತ್ತದೆ. ಕಾರಿನ ಮುಂದಿನ ಗಾಜಿನ ಮೇಲೂ ಕೂರುತ್ತದೆ. ತೊಳೆಯೋಣವೆಂದು ಗುಂಡಿ ಒತ್ತಿದರೆ ನೀರು ಚಿಮ್ಮಬೇಕಲ್ಲ, ಆ ನೀರೇ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಕಲ್ಲಾಗಿರುತ್ತದೆ! ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಹಾಗಾಗಿ ಇಲ್ಲಿನ ಡ್ರೈವರುಗಳು ಆ ಡಬ್ಬಿಗೆ ಒಂದು ಕ್ವಾರ್ಟರ್ ರಮ್ಮು ಸುರಿಯುತ್ತಾರೆ. ರಮ್ಮು ಬೆರೆತ ನೀರು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಅಣ್ಣ ಹೋಟೆಲಿನ ಬಿಳಿ ಕಾರಿಗೆ ಹದಿನಾಲ್ಕು ಚಳಿಗಾಲ ಹೀಗೆ ಕುಡಿಸಿದ. ತಾನು ಮಾತ್ರ ಶುಂಠಿ ಕಾಫಿ.

ಆದರೆ ನಮ್ಮ ‘ಶ್ವೇತಗಿರಿ’ ಸಂಪೂರ್ಣ ಸಾತ್ವಿಕ ಹೋಟೆಲು. ಮಾಲೀಕರಾದ ಹೇರಂಬ ರಾಯರ ಕಟ್ಟುನಿಟ್ಟು ಎಷ್ಟೆಂದರೆ ಈರುಳ್ಳಿಯೂ ನಾವೂ ಹಿಂಬಾಗಿಲಿಂದಲೇ ಒಳಗೆ ಬರಬೇಕು. ಅವತ್ತು ರಾಯರು ಒಂದು ಭಜನಾ ಮಂಡಳಿಯನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಅಣ್ಣ ಗುಂಡಿ ಒತ್ತಿದ. ಗಾಜು ಫಳಫಳ ಹೊಳೆಯಿತು. ಕಾರಿನ ತುಂಬ ಮಾತ್ರ ಘಮ್ಮೆಂದು ರಮ್ಮಿನ ವಾಸನೆ! ಮಂಡಳಿಯವರು ಮೂಗು ಮುಚ್ಚಿಕೊಂಡೇ ಒಂದು ಚರಣ ಪೂರೈಸಿದರು.

“ಲೋ ಬೆಳ್ಳ! ಕುಡಿದಿದ್ದೀಯಾ?”

“ನಾನ್ ಕುಡ್ದಿಲ್ಲ ಬುದ್ಧಿ. ಕಾರ್ ಕುಡ್ದದೆ.”

“ಕುಡಿದವರೆಲ್ಲ ಹೀಗೇ ಮಾತಾಡೋದು!”

ಕಾಗದ ಅವತ್ತೇ ಟೈಪಾಯಿತು. ಅದರ ಒಂದು ಪ್ರತಿ ಹೋಟೆಲು ಮಾಲೀಕರ ಸಂಘಕ್ಕೂ ಹೋಯಿತು. ಆ ಕಾಗದ ಇರುವವರೆಗೆ ಊಟಿಯಲ್ಲಿ ಯಾರೂ ಅಣ್ಣನ ಕೈಗೆ ಸ್ಟೀರಿಂಗ್ ಕೊಡುವುದಿಲ್ಲ. ಸಂಕ್ರಾಂತಿಯೊಳಗೆ ಕ್ವಾರ್ಟರ್ಸನ್ನೂ ಬಿಡಬೇಕೆಂದು ಹೇಳಿದರು. ಆ ಒಂದೂವರೆ ಕೋಣೆಯಲ್ಲಿ ಅಣ್ಣನ ಜೊತೆ ನಾನೂ ಇದ್ದೇನೆ. ಹೋಟೆಲಿನ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು, ಹೆಸರು ರತ್ನಿ. ಮನೆ ಹೋದರೆ ಇನ್ನೊಂದು ಸಿಗುತ್ತದೆ ಎನ್ನುತ್ತಿದ್ದ ಅಣ್ಣ. ಅವನಿಗೆ ಬೇಕಿದ್ದದ್ದು ಒಂದೇ. ಆ ಕಾಗದ ಸುಳ್ಳು ಎಂದು ಬರೆದವರೇ ಬರೆಯಬೇಕು.

ಇತ್ತ ಹೊಸ ಡ್ರೈವರು ಬಂದ. ಬರೀ ನೀರು ತುಂಬಿಸಿದ. ಗಾಜು ಬೆಳ್ಳಗಾಗಿ, ಪಕ್ಕದ ಕಿಟಕಿಯಿಂದ ಆಮೆಯ ಹಾಗೆ ಕತ್ತು ಹೊರಹಾಕಿ ಎರಡು ದಿನ ಓಡಿಸಿದ. ಮೂರನೇ ದಿನ ಕತ್ತು ಒಳಗೆ ಬರಲಿಲ್ಲ; ರಾಜೀನಾಮೆ ಕೊಟ್ಟು ಹಾಗೇ ಓರೆಯಾಗಿ ನಡೆದುಹೋದ. ಗಾಜಿಗೆಂದೇ ಚಳಿಗಾಲದ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ರಾಯರು ತರಿಸಿದರು, ಸೀಸೆಯ ಮೇಲಿನ ಚೀಟಿ ಓದಿದರು, ಆಲ್ಕೋಹಾಲ್ ಎಂಬ ಶಬ್ದ ಕಂಡೊಡನೆ ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು ಕಾಂಪೌಂಡಿನಾಚೆ ಎಸೆದು ಕೈ ತೊಳೆದುಕೊಂಡರು.

“ನಾನೇ ಕಂಡುಹಿಡೀತೀನಿ!” ಎಂದರು.

ನಾವೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದೆವು. ರಾಯರು ಹಿಂದೆ ಕಂಡುಹಿಡಿದ ದೋಸೆ ಮಗುಚುವ ಯಂತ್ರದ ಒಂದು ದೋಸೆ ಇನ್ನೂ ಊಟದ ಹಾಲಿನ ಫ್ಯಾನಿಗೆ ಅಂಟಿಕೊಂಡಿದೆ.

*

ಹತ್ತು ದಿನ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಆರಕ್ಕೆ ಇಪ್ಪತ್ತೊಂದು ಮಂದಿ ಕೆಲಸದವರನ್ನೂ ಪೋರ್ಟಿಕೋದಲ್ಲಿ ಸಾಲಾಗಿ ನಿಲ್ಲಿಸಿದರು. ನಡುವೆ ಮೇಜು. ಮೇಜಿನ ಮೇಲೆ ಒಂದು ಹಳೇ ಇಡ್ಲಿ ಕುಕ್ಕರು. ಅದರ ನೆತ್ತಿಯಲ್ಲಿ ಛತ್ರಿ ಕಡ್ಡಿಗಳು, ಹೊಟ್ಟೆಯಲ್ಲೊಂದು ಗುಂಡಿ.

“ಇದರ ಹೆಸರು ಶಾಖಸೇತು!” ರಾಯರು ಮಫ್ಲರನ್ನು ಹೆಗಲ ಮೇಲೆ ಎಸೆದುಕೊಂಡರು. “ಎಲ್ಲಿ ಬಿಸಿ ಜಾಸ್ತಿ ಇದೆಯೋ ಅಲ್ಲಿಂದ ಎಳೆಯುತ್ತೆ, ಎಲ್ಲಿ ಇಲ್ಲವೋ ಅಲ್ಲಿಗೆ ಕೊಡುತ್ತೆ. ಇದಕ್ಕಿಂತ ದೊಡ್ಡ ಸಮಾಜವಾದ ಇದೆಯೇನ್ರೀ?”

ಅವರ ಹೆಂಡತಿ ಸುಲೋಚನಮ್ಮನವರ ಕಾಫಿ ಲೋಟಕ್ಕೆ ಒಂದು ತಾಮ್ರದ ತಂತಿ ಸುತ್ತಿದರು. ಕಾರು ಹತ್ತಡಿ ದೂರದಲ್ಲಿತ್ತು. ಗುಂಡಿ ತಿರುಗಿಸಿದರು. ಬಾನೆಟ್ಟಿನೊಳಗೆ ಗುಳುಗುಳು ಸದ್ದಾಯಿತು. ಕಲ್ಲಾಗಿದ್ದ ನೀರು ಕರಗಿ ಚಿಮ್ಮಿತು. ವೈಪರು ಎರಡು ಸಲ ಆಡಿತು. ಗಾಜು ಕನ್ನಡಿಯಾಯಿತು! ನಾವೂ ಚಪ್ಪಾಳೆ ತಟ್ಟಿದೆವು. ತಟ್ಟಿದರೆ ಕೈ ಬೆಚ್ಚಗಾಗುತ್ತದೆ.

ಸುಲೋಚನಮ್ಮ ಲೋಟವನ್ನು ತಲೆಕೆಳಗು ಮಾಡಿದರು. ಕಾಫಿಯ ಕುಲ್ಫಿಯೊಂದು ಟಣ್ಣೆಂದು ನೆಲಕ್ಕೆ ಬಿತ್ತು.

“ರೀ! ನನ್ನ ಕಾಫಿ!”

“ವಿಜ್ಞಾನಕ್ಕೆ ತ್ಯಾಗ ಬೇಕು ಸುಲೋಚನಾ.”

“ಹಾಗಾದ್ರೆ ನಿಮ್ಮ ಲೋಟಕ್ಕೆ ಸುತ್ತಬೇಕಿತ್ತು!”

“ನನ್ನದು ಕುಡಿದಾಗಿತ್ತಲ್ಲ.”

ಒಂದು ಲೋಟ ಕಾಫಿಗೆ ಎರಡೇ ಸಲ ನೀರು ಚಿಮ್ಮಿತು, ಆಮೇಲೆ ನಿಂತಿತು. ಅದಕ್ಕೂ ರಾಯರ ಬಳಿ ಉತ್ತರವಿತ್ತು. “ಕಾಫಿ ತಣ್ಣಗಾಗುತ್ತೆ. ನಮಗೆ ಬೇಕಾದ್ದು ತಣ್ಣಗಾಗದ ಒಲೆ. ಚಾರ್ಜ್ ಮಾಡಬೇಕಾಗಿಲ್ಲ, ಸೌದೆ ಹಾಕಬೇಕಾಗಿಲ್ಲ, ಮೂರು ಹೊತ್ತು ಅನ್ನ ಹಾಕಿದರೆ ತಾನಾಗೇ ಬಿಸಿ ಇರುತ್ತೆ. ಯಾವುದು ಹೇಳಿ?”

ರಾಯರು ಗೇಟಿನ ಕಡೆ ನೋಡಿದರು. ಕಾಗದದ ವಿಷಯ ಕೇಳಲು ಬಂದಿದ್ದ ಅಣ್ಣ ಅಲ್ಲಿ ನಿಂತಿದ್ದ.

“ಬೆಳ್ಳ, ಬಾ! ನಿನ್ನ ಕೆಲಸ ವಾಪಸ್! ಸೊಂಟಕ್ಕೆ ಈ ಉಡುದಾರ ಕಟ್ಕೊ, ಕಾರು ಓಡಿಸು, ಅಷ್ಟೇ.”

“ಕಾಗ್ದ, ಬುದ್ಧಿ?”

“ಚಳಿಗಾಲ ಮುಗೀಲಿ. ನೋಡೋಣ.”

ಮನೆಗೆ ಬಂದವನ ಅಂಗಿಯ ಕೆಳಗೆ ತಾಮ್ರ ಮಿರಿಮಿರಿ ಹೊಳೆಯುತ್ತಿತ್ತು.

“ಏನಣ್ಣ ಇದು? ಹಾಲು ಕುಡಿಯೋ ಕೂಸಿಗೆ ಕಟ್ದಂಗೆ ಕಟ್ಸ್ಕ ಬಂದಿದ್ದೀಯಲ್ಲ!”

“ನಗ್ಬೇಡ ಕನವ್ವ. ಕಾಗ್ದ ಕೈಗೆ ಬರೋಗಂಟ.”

“ನೋಡೋಣ ಅಂದ್ರಲ್ಲ, ಅವ್ರು ನೋಡೋದು ಯಾವಾಗ?”

“ಗಾಜು ಚೆನ್ನಾಗಿ ತೊಳುದ್ರೆ ಎಲ್ಲಾ ಕಾಣ್ತದೆ ಬುಡು.”

*

ಗಾಜು ನಿಜಕ್ಕೂ ಚೆನ್ನಾಗಿ ತೊಳೆಯಿತು. ರಾಯರು ಅತಿಥಿಗಳನ್ನು ಹಿಂದೆ ಕೂರಿಸಿಕೊಂಡು, ಹೆಜ್ಜೆಗೊಮ್ಮೆ ನೀರು ಚಿಮ್ಮಿಸಿ ತೋರಿಸುತ್ತಿದ್ದರು. ಚಿಮ್ಮಿದಾಗಲೆಲ್ಲ ಅಣ್ಣನ ಮೈಯಿಂದ ಒಂದು ಬೊಗಸೆ ಬಿಸಿ ಹೋಗುತ್ತಿತ್ತು. ಎರಡು ಸ್ವೆಟರು, ಮಂಗನ ಟೋಪಿ, ಮೇಲೊಂದು ಕಂಬಳಿ ಹೊದ್ದರೂ ಪ್ರಯೋಜನವಿಲ್ಲ. ಚಳಿ ಹೊರಗಿಂದ ಬಂದದ್ದಲ್ಲವಲ್ಲ! ಅವನ ಹಲ್ಲು ಕಟಕಟ ಕಡಿಯುವ ಸದ್ದಿಗೆ ಅತಿಥಿಯೊಬ್ಬರು, “ಇಂಜಿನ್ನಲ್ಲಿ ಏನೋ ಲೂಸಾಗಿದೆ ನೋಡಿ” ಎಂದರು.

“ಬೆಳ್ಳ, ಬಾಯಿ ಮುಚ್ಚು,” ಎಂದರು ರಾಯರು.

ನಾಲ್ಕನೇ ದಿನ ಬೆಟ್ಟದ ತಿರುವಿನಲ್ಲಿ ರಾಯರು ಅತಿಥಿಗಳಿಗೆ ಹೆಮ್ಮೆಯಿಂದ ಹೇಳಿದರು: “ನಮ್ಮ ಡ್ರೈವರು ಮೊದಲು ವಿಪರೀತ ಕುಡೀತಿದ್ದ. ನಾನೇ ಬಿಡಿಸಿ ಮನುಷ್ಯನ್ನ ಮಾಡಿದೆ.”

ಸುಂಯ್! ಕುಕ್ಕರಿನ ಹಾಗೆ ಸೀಟಿ ಹೊಡೆಯಿತು ಕಾರು. ಕೊತಕೊತ ಕುದಿಯುವ ನೀರು ಗಾಜಿಗೆ ರಾಚಿತು. ವೈಪರಿನ ರಬ್ಬರು ಬೆಂದ ಹುರುಳಿಕಾಯಿಯ ಹಾಗೆ ಜೋತುಬಿತ್ತು. ಗಾಜು ಸೀಳದೇ ಉಳಿದದ್ದು ನಮ್ಮ ಪುಣ್ಯವೋ, ರಾಯರದೋ!

ಬೇರೆ ಯಾರಾದರೂ ಹೆದರುತ್ತಿದ್ದರು. ರಾಯರ ಕಣ್ಣು ಬೆಳಗಿತು. “ಸಿಟ್ಟು!” ಎಂದು ಕುಣಿದರು. “ಬಡವನ ಸಿಟ್ಟಿಗೆ ಇಷ್ಟು ಶಾಖ ಇದೆಯಾ! ಇಷ್ಟು ವರ್ಷ ಸುಮ್ಮನೆ ವ್ಯರ್ಥವಾಗ್ತಿತ್ತಲ್ಲ!”

ಮರುವಾರವೇ ಉಳಿದ ಇಪ್ಪತ್ತೊಂದು ಮಂದಿಗೂ ಉಡುದಾರ ಬಂತು. ಕಾರಿನ ಗಾಜಿನ ಜೊತೆ ಹೋಟೆಲಿನ ಅಷ್ಟೂ ಸ್ನಾನದ ನೀರಿಗೂ ಶಾಖಸೇತುವಿನ ತಂತಿ ಎಳೆದರು. ಬರೀ ಮೈಶಾಖ ಸಾಲದೆಂದು, ಸಿಟ್ಟಿನ ಶಾಖವನ್ನಷ್ಟೇ ಎಳೆಯುವ ಹಾಗೆ ಯಂತ್ರವನ್ನು ತಿದ್ದಿದರು. ನೋಟಿಸ್ ಬೋರ್ಡಿನಲ್ಲಿ ವೇಳಾಪಟ್ಟಿ: ಆರೂ ಕಾಲಿಗೆ ಲಾಂಡ್ರಿ, ಆರೂವರೆಗೆ ಅಡುಗೆಮನೆ, ಆರೂ ಮುಕ್ಕಾಲಿಗೆ ತೋಟ. ಆಯಾ ಹೊತ್ತಿಗೆ ರಾಯರು ನೋಟ್‌ಬುಕ್ ಹಿಡಿದು ಬಂದು ಬೈದು ಹೋಗುತ್ತಿದ್ದರು.

“ಏಯ್ ರತ್ನಿ! ನೀನು ಇಸ್ತ್ರಿ ಹಾಕಿದ ಬೆಡ್‌ಶೀಟಿಗಿಂತ ಎಮ್ಮೆ ಮಲಗಿ ಎದ್ದ ಹುಲ್ಲು ಎಷ್ಟೋ ವಾಸಿ!”

ನನಗೆ ಮೈಯೆಲ್ಲ ಉರಿಯಿತು. ಕ್ಷಣದಲ್ಲೇ ಮೈಯೆಲ್ಲ ಮಂಜುಗಡ್ಡೆಯಾಯಿತು. ಮೇಲೆ ಹನ್ನೆರಡನೇ ನಂಬರ್ ರೂಮಿನವರು ಹಾಡಿಕೊಂಡು ಸ್ನಾನ ಮಾಡಿದರು.

ಅಡುಗೆಯ ತಿಪ್ಪಣ್ಣನಿಗೆ, “ಹಳಸಿದ ಹಿಟ್ಟಿಗೆ ಹುಟ್ಟಿದವನೇ!” ಎಂದರು. ಮೊದಲ ದಿನ ಅವನ ಸಿಟ್ಟಿಗೆ ಮೂರು ರೂಮಿನ ನೀರು ಕಾಯಿತು. ಆದರೆ ಯಾವುದಕ್ಕೂ ಮನುಷ್ಯ ಒಗ್ಗಿಕೊಳ್ಳುತ್ತಾನೆ ನೋಡಿ. ವಾರ ಕಳೆಯುವುದರಲ್ಲಿ ತಿಪ್ಪಣ್ಣ ಚಟ್ನಿ ರುಬ್ಬುತ್ತಲೇ, “ಬುದ್ಧಿ, ಇದು ಮಂಗಳವಾರದ ಬೈಗುಳ. ಇವತ್ತು ಗುರುವಾರ ಅಲ್ವ?” ಎನ್ನತೊಡಗಿದ. ಸ್ನಾನದ ನೀರು ತಣ್ಣಗಾಯಿತು. ಅತಿಥಿಗಳು ಟವೆಲು ಸುತ್ತಿಕೊಂಡು ಕೂಗಾಡಿದರು.

ರಾಯರು ಸಂಶೋಧನೆ ಮುಂದುವರಿಸಿದರು. ಬೈಗುಳವೇ ಬೇಡ, “ನಿಮ್ಮಂಥವರಿಗೆಲ್ಲ ಹೀಗೇ” ಎಂದರೆ ಸಾಕು, ಆರು ರೂಮಿನ ನೀರು ಕಾಯುತ್ತದೆ ಎಂದು ತಿಳಿಯಿತು. ಅದೂ ಸವೆಯಿತು. ಕೊನೆಗೊಂದು ದಿನ ಸುಸ್ತಾಗಿ ಕೂತು, ಬೈಯುವ ಉದ್ದೇಶವೇ ಇಲ್ಲದೆ, “ಏನಾದರೂ ಆಗಲಿ, ನೀವೆಲ್ಲ ನನ್ನ ಮಕ್ಕಳಿದ್ದ ಹಾಗೆ” ಎಂದರು.

ಧಡಾರ್! ಮೇಲಿನ ಮಹಡಿಯ ಪೈಪುಗಳೆಲ್ಲ ಒಟ್ಟಿಗೆ ಒಡೆದವು! ಏಳನೇ ನಂಬರಿನವರು ಸೋಪಿನ ನೊರೆಯನ್ನಷ್ಟೇ ಉಟ್ಟು ಮೆಟ್ಟಿಲಿಳಿದು ಬಂದರು.

“ರೀ, ಒಳ್ಳೇ ಮಾತಾಡಿದ್ದಕ್ಕೆ ಯಾಕ್ರೀ ಪೈಪು ಒಡೀತು?” ಎಂದು ಸುಲೋಚನಮ್ಮ ಕೇಳಿದರು.

“ಅದೇ ನನಗೂ ಅರ್ಥವಾಗ್ತಿಲ್ಲ!” ಎಂದರು ರಾಯರು. ನಿಜಕ್ಕೂ ಅರ್ಥವಾಗಿರಲಿಲ್ಲ.

*

ಭಾನುವಾರ ಮಧ್ಯಾಹ್ನ ಇಸ್ತ್ರಿ ಕೋಣೆಯಲ್ಲಿ ನಾವೊಂದಿಷ್ಟು ಜನ ಕೂತು ಪೇಪರು ಓದುವುದು ರೂಢಿ. ಒಬ್ಬರು ಓದುತ್ತಾರೆ, ಉಳಿದವರು ಜಗಳವಾಡುತ್ತಾರೆ. ಆ ಭಾನುವಾರ ಯಾರೂ ಜಗಳವಾಡಲಿಲ್ಲ. ನೀಲಿ ತುಟಿಯ ಇಪ್ಪತ್ತೆರಡು ಜನ ಇಸ್ತ್ರಿ ಪೆಟ್ಟಿಗೆಯ ಸುತ್ತ ಕೈ ಚಾಚಿ ಕೂತಿದ್ದರು.

“ಮನೆ ಬಿಡಿ ಅಂದಿದ್ದ ಮಾತ್ನೂ ಅವ್ರು ವಾಪಸ್ ತಗಂಡಿಲ್ಲ. ಸಂಕ್ರಾಂತಿಗೆ ಇನ್ನು ನಾಲ್ಕು ದಿನ. ಕಾಗ್ದದ ವಿಷ್ಯ ಕೇಳ್ದಾ ಅಣ್ಣ?” ಎಂದೆ.

“ಕೇಳೋಕೆ ಹೋದೆ. ಆದ್ರೆ ಅವ್ರ ಮುಂದೆ ನಿಂತ್ರೆ ಸಿಟ್ಟೇ ಇರಲ್ಲ ರತ್ನಿ. ಎಲ್ಲಾ ಗಾಜಿಗೆ ಹೋಗ್ಬುಟ್ಟಿರ್ತದೆ. ‘ಆಗ್ಲಿ ಬುದ್ಧಿ’ ಅಂದ್ಬುಟ್ಟು ಬಂದೆ.”

ಚಳಿಗಿಂತ ಇದು ಹೆಚ್ಚು ನಡುಗಿಸಿತು. ಕೂಲಿ ಕಡಿಮೆ ಕೊಟ್ಟವರನ್ನು ಕಂಡಿದ್ದೆವು, ರಜೆ ಕೊಡದವರನ್ನು ಕಂಡಿದ್ದೆವು. ನಮ್ಮ ಸಿಟ್ಟಿನಲ್ಲಿ ಮೀಯುವವರನ್ನು ಕಂಡದ್ದು ಇದೇ ಮೊದಲು.

“ಬುಧವಾರ ಮಾಲೀಕರ ಸಂಘದವ್ರು ಮಿಷನ್ ನೋಡಕ್ಕೆ ಬತ್ತಾರಂತೆ,” ಎಂದ ತಿಪ್ಪಣ್ಣ. “ಒಪ್ಕಂಡ್ರೆ ಊಟಿಲಿರೋ ಹೋಟ್ಲು ಕೆಲಸ್ದೋರಿಗೆಲ್ಲ ಉಡುದಾರನೇ ಗತಿ.”

“ಬಿಚ್ಚಿ ಒಗ್ದುಬುಟ್ರೆ?”

“ದಿನಾ ಸೊಂಟ ನೋಡ್ತಾರಲ್ಲ.”

“ಹಂಗಾದ್ರೆ ದಾರ ಇರ್ಲಿ,” ಎಂದೆ ನಾನು. “ಬುಧವಾರ ಒಂದಿನ ಯಾರೂ ಸಿಟ್ಟು ಖರ್ಚು ಮಾಡಬ್ಯಾಡಿ. ಏನಾರ ಅನ್ಲಿ. ಒಳಗೇ ಮಡಿಕೆ ಮಾಡಿ ಇಟ್ಕಳಿ.”

“ಮಕ್ಕಳಿದ್ದಂಗೆ ಅಂದ್ರೆ?” ಎಂದು ತೋಟದ ಕೆಂಪಮ್ಮ ಹೆದರಿಕೆಯಿಂದ ಕೇಳಿದಳು.

“ಆಗ ನಕ್ಬುಡಿ,” ಎಂದ ಅಣ್ಣ.

*

ಬುಧವಾರ ಬೆಳಿಗ್ಗೆ ಏಳಕ್ಕೆ ಸಂಘದ ಅಧ್ಯಕ್ಷರೂ ಆರು ಜನ ಮಾಲೀಕರೂ ಪೋರ್ಟಿಕೋದ ಕುರ್ಚಿಗಳಲ್ಲಿ ಕೂತರು. ಎದುರಿಗೆ ಬಿಳಿ ಕಾರು, ಗಾಜಿನ ತುಂಬ ಹಿಮ. ಪಕ್ಕದಲ್ಲಿ ನಾವು ಇಪ್ಪತ್ತೆರಡು ಒಲೆಗಳು.

“ಇದರಿಂದ ಅಪಾಯ ಏನೂ ಇಲ್ವಾ?” ಎಂದರು ಅಧ್ಯಕ್ಷರು.

“ಅಪಾಯ! ಬೇಕಾದ್ರೆ ನಾನೇ ಕಟ್ಕೋತೀನಿ ನೋಡಿ!” ರಾಯರು ರೇಷ್ಮೆ ಜುಬ್ಬದ ಮೇಲೆ ಒಂದು ಉಡುದಾರ ಬಿಗಿದರು. “ಇಷ್ಟು ಜನ ಕಟ್ಟಿಕೊಂಡಿದ್ದರೂ ಯಾರು ಎಲ್ಲರಿಗಿಂತ ಬಿಸಿಯೋ ಅವರಿಂದ ಮಾತ್ರ ಯಂತ್ರ ಎಳೆಯುತ್ತೆ. ಅಷ್ಟು ನ್ಯಾಯವಾದದ್ದು!”

ಗುಂಡಿ ತಿರುಗಿಸಿ, ನೋಟ್‌ಬುಕ್ ತೆರೆದರು.

“ಲೋ ಬೆಳ್ಳ! ನಿನಗೆ ಕಾರಲ್ಲ, ಒನಕೆಯ ಮೇಲೆ ಕೂತು ಓಡಿಸೋಕೂ ಬರಲ್ಲ!”

“ಹೌದು ಬುದ್ಧಿ,” ಎಂದು ಅಣ್ಣ ತಲೆಯಾಡಿಸಿದ.

ಗಾಜು ಬೆಳ್ಳಗೇ ಇತ್ತು. ರಾಯರು ಹಾಳೆ ತಿರುವಿದರು. ಲಾಂಡ್ರಿಗೆ ಬೈದರು, ತೋಟಕ್ಕೆ ಬೈದರು. ತಿಪ್ಪಣ್ಣನಿಗೆ ಗುರುವಾರದ್ದನ್ನೂ ಶುಕ್ರವಾರದ್ದನ್ನೂ ಸೇರಿಸಿ ಬೈದರು. ಅವನು ಕೈಕಟ್ಟಿ, ಮದುವೆಯ ಫೋಟೋಕ್ಕೆ ನಿಂತವನ ಹಾಗೆ ನಿಂತಿದ್ದ.

ಮಾಲೀಕರೊಬ್ಬರು ಆಕಳಿಸಿದರು.

“ನಿಮ್ಮಂಥವರಿಗೆಲ್ಲ ಹೀಗೇ!” ಎಂದು ಕೂಗಿದರು ರಾಯರು. ಒಂದು ಹನಿ ಇಲ್ಲ. ಕೊನೆಯ ಅಸ್ತ್ರ ಬಿಟ್ಟರು: “ನೀವೆಲ್ಲ ನನ್ನ ಮಕ್ಕಳಿದ್ದ ಹಾಗೆ!”

ತಿಪ್ಪಣ್ಣ ಎರಡೂ ಕೈ ಮುಗಿದು, “ಅಪ್ಪಾಜೀ!” ಎಂದ.

ಅಷ್ಟೇ. ಮೊದಲು ಕೆಂಪಮ್ಮ ಕಿಸಕ್ಕೆಂದಳು. ಆಮೇಲೆ ಇಪ್ಪತ್ತೆರಡು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಾಯರ ಮುಖ ಬೀಟ್‌ರೂಟಾಯಿತು.

“ನಗ್ತೀರಾ! ನನ್ನ ಮುಂದೆ ನಗ್ತೀರಾ!”

ಯಂತ್ರ ತನ್ನ ಒಲೆ ಹುಡುಕಿಕೊಂಡಿತು.

ಭುಸ್ಸೆಂದು ಕಾರಿನ ಮೂತಿಯಿಂದ ಕುದಿನೀರಿನ ಕಾರಂಜಿ ಎದ್ದಿತು! ಪೋರ್ಟಿಕೋದ ಸೂರಿಗೆ ಬಡಿಯಿತು. ಗಾಜು ಹೊಳೆಯಿತು, ಕಾರಿನ ಬಣ್ಣವೂ ಒಂದಿಷ್ಟು ಹೋಯಿತು. ಹಬೆಗೆ ಅಧ್ಯಕ್ಷರ ಕೋಟಿನ ಸುಕ್ಕು ನನ್ನ ಇಸ್ತ್ರಿಯಲ್ಲೂ ಹೋಗದಷ್ಟು ಚೆನ್ನಾಗಿ ಹೋಯಿತು. ಕಾಂಪೌಂಡಿನ ಕ್ಯಾರೆಟ್ ಮಡಿಯಲ್ಲಿ ಕ್ಯಾರೆಟ್ಟುಗಳು ನೆಲದಲ್ಲೇ ಬೆಂದವು. “ಭಲೇ!” ಎಂದು ಮಾಲೀಕರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಇತ್ತ ರಾಯರ ಮೀಸೆಯಿಂದ ಎರಡು ಹಿಮದ ಕಡ್ಡಿಗಳು ಇಳಿದಿದ್ದವು. ಕನ್ನಡಕ ಬೆಳ್ಳಗಾಗಿ, ಅದಕ್ಕೇ ಒಂದು ವೈಪರು ಬೇಕಾಗಿತ್ತು. ಬೈಯಲು ಎತ್ತಿದ ಬೆರಳು ಎತ್ತಿದ ಹಾಗೇ ನಿಂತಿತ್ತು. ಮೈ ತಣ್ಣಗಾದಷ್ಟೂ ಅವರಿಗೆ ಸಿಟ್ಟು, ಸಿಟ್ಟು ಬಂದಷ್ಟೂ ಮೈ ತಣ್ಣಗೆ!

“ರೀ! ಈ ಗುಂಡಿ ವಾಪಸ್ ತಿರುಗ್ತಾ ಇಲ್ಲ! ಯಂತ್ರ ನಿಲ್ಲಿಸೋ ಗುಂಡಿ ಎಲ್ರೀ?” ಸುಲೋಚನಮ್ಮ ಕುಕ್ಕರಿನ ಸುತ್ತ ಓಡಿದರು.

“ಇ... ಇಟ್ಟಿಲ್ಲ. ನಿ... ನಿಲ್ಲಿಸೋದು ಯಾಕೆ ಅಂತ...”

ಉಡುದಾರದ ಗಂಟು ಹೆಪ್ಪುಗಟ್ಟಿ ಬಿಚ್ಚಲಾಗಲಿಲ್ಲ. ಕತ್ತರಿಸುವ ಇಕ್ಕಳ ಬೀಗ ಹಾಕಿದ ಗ್ಯಾರೇಜಿನಲ್ಲಿ. ಬೀಗದಕೈ ರಾಯರ ಜುಬ್ಬದ ಜೇಬಿನಲ್ಲಿ. ಜೇಬು ಮಂಜುಗಡ್ಡೆ.

“ಹಾಗಾದ್ರೆ ಸಿಟ್ಟು ಬಿಡ್ರೀ!”

“ಬಿ... ಬಿಡೋದು ಹೇ... ಹೇಗೆ?”

ನಮಗೆ ಮೂರು ದಿನ ಸಾಕಾಗಿತ್ತು. ಅವರಿಗೆ ಅಭ್ಯಾಸವೇ ಇರಲಿಲ್ಲ, ಪಾಪ.

ಆಗ ಅಧ್ಯಕ್ಷರಿಗೆ ಹೊಳೆಯಿತು. “ಎಲ್ಲರಿಗಿಂತ ಬಿಸಿ ಇರೋರಿಂದ ಎಳೆಯುತ್ತೆ ಅಂದ್ರಲ್ಲ! ಇವರಿಗಿಂತ ಹೆಚ್ಚು ಸಿಟ್ಟು ಬೇರೆ ಯಾರಿಗಾದರೂ ಬಂದರೆ ಇವರನ್ನ ಬಿಟ್ಟುಬಿಡುತ್ತೆ!”

ಎಲ್ಲರೂ ಅಣ್ಣನ ಕಡೆ ತಿರುಗಿದರು.

“ಬೆ... ಬೆಳ್ಳ! ಸಿಟ್ಟು ಮಾಡ್ಕೊ!”

“ಯಾಕ್ ಬುದ್ಧಿ?”

“ಕಾ... ಕಾಗದ! ಹ... ಹರಿದು ಹಾಕ್ತೀನಿ!”

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. “ಹರೀಬ್ಯಾಡಿ. ಹರುದ್ರೆ ಕಾಗ್ದ ಹೋಯ್ತದೆ, ಬೆಳ್ಳಯ್ಯ ಕುಡುಕ ಅನ್ನೋದು ಉಳ್ಕತದೆ. ಸುಳ್ಳು ಬರ್ದಿದ್ದೆ ಅಂತ ಬರುದು, ಅಧ್ಯಕ್ಷರ ಮುಂದೆ ಸೈನ್ ಹಾಕಿ.”

ರಾಯರು ಏನೋ ಹೇಳಹೋದರು. ಮೀಸೆಯಿಂದ ಮೂರನೆಯ ಕಡ್ಡಿ ಇಳಿಯಿತು. ಸುಲೋಚನಮ್ಮ ಅವರ ಕೈಯಲ್ಲಿದ್ದ ನೋಟ್‌ಬುಕ್ ಕಿತ್ತುಕೊಂಡು, ಬೈಗುಳ ಮುಗಿದಿದ್ದ ಹಾಳೆಯ ಹಿಂಬದಿಯಲ್ಲಿ ತಾವೇ ಬರೆದರು: ಬೆಳ್ಳಯ್ಯ ಕುಡಿದಿರಲಿಲ್ಲ, ಕುಡಿಯುವವನೂ ಅಲ್ಲ, ನಾನು ಬರೆದದ್ದು ಸುಳ್ಳು. ರಾಯರ ಹೆಬ್ಬೆರಳನ್ನು ಇಂಕಿಗೆ ಅದ್ದಿ ಒತ್ತಿದರು. ಅಷ್ಟು ಓದಿದ ರಾಯರು ಹೆಬ್ಬೆಟ್ಟು ಹಾಕಿದರು! ಅಧ್ಯಕ್ಷರು ಕೆಳಗೆ ಸಾಕ್ಷಿ ಸಹಿ ಮಾಡಿದರು. ಅಣ್ಣ ಹಾಳೆ ಇಸಿದುಕೊಂಡು ನಿಧಾನವಾಗಿ ಎರಡು ಸಲ ಓದಿದ. ಮಡಚಿ ಒಳಜೇಬಿಗೆ ಇಟ್ಟುಕೊಂಡ. ಆಮೇಲೆ ಸೊಂಟಕ್ಕೆ ಕೈಹಾಕಿ ತಾಮ್ರದ ಉಡುದಾರ ಬಿಚ್ಚತೊಡಗಿದ.

“ಏ... ಏಯ್! ಬಿಚ್ಚಬೇಡ! ಈಗಲಾದರೂ ಸಿ... ಸಿಟ್ಟು ಮಾಡ್ಕೊಳ್ಳೋ!”

“ಒಂದೇ ಒಂದು ಸಲ ಮಾಡ್ಕೊಳ್ಳಪ್ಪ,” ಎಂದರು ಅಧ್ಯಕ್ಷರು. “ಹೇಗೂ ನಿಮಗೆ ಬರ್ತಾನೇ ಇರುತ್ತಲ್ಲ!”

ಕೆಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸುಲೋಚನಮ್ಮ ಒಳಗಿಂದ ನಾಲ್ಕು ರಜಾಯಿ ಹೊತ್ತು ತಂದು ಗಂಡನಿಗೆ ಸುತ್ತತೊಡಗಿದರು. ಪೋರ್ಟಿಕೋಕ್ಕೆ ಬಿಸಿಲು ಬರಲು ಇನ್ನೂ ಒಂದು ಗಂಟೆಯಿತ್ತು.

“ಬೆಳ್ಳ! ಇ... ಇದು ಆರ್ಡರು!”

“ಆಗಲ್ಲ ರಾಯರೇ,” ಎಂದ ಅಣ್ಣ. “ಈ ಸಿಟ್ಟು ಬೇರೆ ಕೆಲ್ಸಕ್ಕೆ ಬೇಕು.”